ಗುಳ್ಳೆಯೂ ಗುಳೆಯೂ: ಬಬಲ್ ಚಾರ್ಟ್ ಹಿಂದಿನ ಕಥೆ

ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡೋ ನಮ್ಮಂಥವರಿಗೆ ಬಬಲ್ ಚಾರ್ಟ್ ಹೊಸದೇನಲ್ಲ. ಅಡ್ಡಕ್ಕೊಂದು ಲೆಕ್ಕ, ಉದ್ದಕ್ಕೊಂದು ಲೆಕ್ಕ, ಗುಳ್ಳೆಯ ಗಾತ್ರದಲ್ಲಿ ಮೂರನೆಯದು. ಆದ್ರೆ ಇದರ ಚರಿತ್ರೆ ನಮ್ಮೂರುಗಳನ್ನೂ ಹಾದುಬಂದಿದೆ. ಇವತ್ತು ಅದರ ಮಾತು.

1801ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಲಂಡನ್ನಿನಲ್ಲಿ 'ಸ್ಟ್ಯಾಟಿಸ್ಟಿಕಲ್ ಬ್ರೆವಿಯರಿ' ಎಂಬ ಪುಸ್ತಕ ಹೊರತಂದ. ದೇಶಗಳನ್ನು ವೃತ್ತಗಳಾಗಿ ಬರೆದ. ವಿಸ್ತೀರ್ಣ ಹೆಚ್ಚಿದಷ್ಟೂ ವೃತ್ತ ದೊಡ್ಡದು. ಯುರೋಪಿನ ಜೊತೆಗೆ ಹಿಂದೂಸ್ತಾನದ ರಾಜ್ಯಗಳನ್ನೂ ಸೇರಿಸಿದ. ಆಗ ಶ್ರೀರಂಗಪಟ್ಟಣ ಬಿದ್ದು ಎರಡೇ ವರ್ಷ. ಪುಣೆಯಲ್ಲಿ ಇನ್ನೂ ಎರಡನೇ ಬಾಜೀರಾಯನ ಪೇಶ್ವೆಗಿರಿ. ಯಾರ ಕೈಲಿ ಎಷ್ಟು ನೆಲ ಅನ್ನೋದು ಲಂಡನ್ನಿಗೆ ದುಡ್ಡಿನ ಪ್ರಶ್ನೆಯಾಗಿತ್ತು. ಇವತ್ತಿನ ಬಬಲ್ ಚಾರ್ಟಿಗೆ ಆ ವೃತ್ತಗಳು ಮುತ್ತಜ್ಜನಿದ್ದ ಹಾಗೆ.

ಗುಳ್ಳೆಗಳಿಗೆ ಓಟ ಕಲಿಸಿದವರು ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್. 1972ರಲ್ಲಿ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಕಾಲ ಓದಿದ್ದರು. ಇಲ್ಲಿನ ವಿದ್ಯಾರ್ಥಿಗಳು ತನಗಿಂತ ಎಷ್ಟೋ ಮುಂದಿದ್ದಾರೆ ಅಂತ ಕಂಡು ಬೆರಗಾದರು. ಪಶ್ಚಿಮವೇ ಸದಾ ಮುಂದು ಅನ್ನೋ ನಂಬಿಕೆ ಅಲ್ಲಿ ಅಲುಗಾಡಿತು. 2006ರ ಟೆಡ್ ಭಾಷಣದಲ್ಲಿ ದೇಶಗಳ ಗುಳ್ಳೆಗಳನ್ನು ವರ್ಷದಿಂದ ವರ್ಷಕ್ಕೆ ಓಡಿಸಿ ತೋರಿಸಿದರು. ಮರುವರ್ಷ ಆ ತಂತ್ರಾಂಶವನ್ನು ಗೂಗಲ್ ಕೊಂಡಿತು. 2009ರ ನವೆಂಬರ್‌ನಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ನಿಂತು, ಭಾರತ, ಚೀನಾಗಳ ಸರಾಸರಿ ಆದಾಯ ಅಮೆರಿಕ, ಬ್ರಿಟನ್ನುಗಳನ್ನು ಮುಟ್ಟುವ ದಿನ 27 ಜುಲೈ 2048 ಅಂದರು. ಅದು ಅವರದೇ ನೂರನೇ ಹುಟ್ಟುಹಬ್ಬ! 2017ರಲ್ಲಿ ತೀರಿಕೊಂಡರು.

ಈಗ ನಾವೇ ಒಂದು ಚಾರ್ಟ್ ಬರೆಯೋಣ. 2011ರ ಜನಗಣತಿ ಸಾಕು. ಅಡ್ಡಕ್ಕೆ ಸಾಕ್ಷರತೆ, ಉದ್ದಕ್ಕೆ ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಅನ್ನೋದು, ಗಾತ್ರಕ್ಕೆ ಜನಸಂಖ್ಯೆ. ಪುಣೆ ಜಿಲ್ಲೆ: ಶೇ. 86, 915, 94 ಲಕ್ಷ. ಬೆಂಗಳೂರು ನಗರ ಜಿಲ್ಲೆ: ಶೇ. 88, 916, 96 ಲಕ್ಷ. ಎರಡೂ ಗುಳ್ಳೆ ಒಂದರ ಮೇಲೊಂದು ಕೂರುತ್ತವೆ. ಊರು ಬಿಟ್ಟು ಬಂದೆವು ಅಂತೀವಿ, ಚಾರ್ಟಿನಲ್ಲಿ ಬೆರಳಗಲವೂ ಸರಿದಿಲ್ಲ!

ಕೊಡಗು ಸೇರಿಸಿ: ಶೇ. 83, 1019, ಐದೂವರೆ ಲಕ್ಷ. ಪುಣೆ ಇದರ 17 ಪಟ್ಟು. ಇಲ್ಲೊಂದು ಬಲೆ ಇದೆ. ವ್ಯಾಸವನ್ನು 17 ಪಟ್ಟು ಮಾಡಿದರೆ ಕಣ್ಣಿಗೆ ಬೀಳುವ ಜಾಗ 289 ಪಟ್ಟು ಆಗುತ್ತೆ. ಜನಸಂಖ್ಯೆಗೆ ತಕ್ಕ ಹಾಗೆ ಬೆಳೀಬೇಕಾದ್ದು ವಿಸ್ತೀರ್ಣ. ಆಗ ವ್ಯಾಸ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಪ್ಲೇಫೇರ್ ವಿಸ್ತೀರ್ಣವನ್ನೇ ಹಿಡಿದಿದ್ದ.

ಕೊನೆಗೆ ಯಾದಗಿರಿ: ಶೇ. 52, 989, ಹನ್ನೆರಡು ಲಕ್ಷದ ಹತ್ತಿರ. ಎಡಗಡೆ ದೂರದಲ್ಲಿ ಒಂಟಿ ಗುಳ್ಳೆ. ಆದರೆ ಅಲ್ಲಿನ ಜನ ಅಷ್ಟು ದೂರದಲ್ಲಿಲ್ಲ. ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರು ಇದೇ ಪುಣೆಯ ಕಟ್ಟಡಗಳಿಗೆ ಗಾರೆ, ಇಟ್ಟಿಗೆ ಹೊರುತ್ತಾರೆ. ಸೈಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೇಳೋದೂ ಕನ್ನಡವೇ. ಪುಣೆಯ ಗುಳ್ಳೆ ಶೇ. 86 ಅನ್ನುವಾಗ ನಾವೂ ಅವರೂ ಒಂದೇ ಸರಾಸರಿಯಲ್ಲಿ ಕರಗಿ ಹೋಗ್ತೀವಿ. ನಮ್ಮ ಸಂಖ್ಯೆ ಅವರ ಕೊರತೆಯನ್ನು ಮುಚ್ಚುತ್ತೆ.

ಹಾಗಾಗಿ ಮುಂದಿನ ಸಲ ಗುಳ್ಳೆ ನೋಡಿದಾಗ ಗಾತ್ರ ಸರಿಯಿದೆಯಾ ಅಂತ ನೋಡಿ. ಆಮೇಲೆ, ಒಳಗೆ ಯಾರ್ಯಾರಿದ್ದಾರೆ, ಒಡೆದು ತೋರಿಸೋಕೆ ಆಗುತ್ತಾ ಅಂತ ಕೇಳಿ. ಮತ್ತೆ ಸಿಗೋಣ.