ಒದರಾಕತ್ತೈತಿ, ಓಡವಲ್ದು

ನಿಪ್ಪಾಣಿ ಬಿಟ್ಟು ಬೆಳಗಾವಿ ಕಡೆ ಹೊರಟರೆ ಮೊದಲು ಸಿಗೋದು ತವಂದಿ ಘಾಟ್. ಚಾರ್ಮಾಡಿ ನೋಡಿದವರು ಇದನ್ನ ದಿಬ್ಬ ಅಂದಾರು. ಆ ದಿಬ್ಬದ ಅರ್ಧದಲ್ಲೇ ಒಂದು ಸಂಜೆ ನನ್ನ ಕಾರು ಕೈಕೊಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಅರಚುತ್ತೆ, ಆರ್‌ಪಿಎಂ ಮುಳ್ಳು 4000 ದಾಟುತ್ತೆ, ಸ್ಪೀಡಿನ ಮುಳ್ಳು ಮಾತ್ರ ಇಳೀತಾ ಇದೆ. ಜೊತೆಗೆ ಸುಟ್ಟ ವಾಸನೆ. ಪಕ್ಕದಲ್ಲಿ ಸೋದರಮಾವ. ಮರುದಿನ ಬೆಳಿಗ್ಗೆ ಬೆಳಗಾವಿಯಲ್ಲಿ ಅವನ ಕಣ್ಣಿನ ಆಪರೇಷನ್. ಐವತ್ತು ವರ್ಷ ಚಪ್ಪಲಿ ಹೊಲಿದವನು, ಸೂಜಿಗೆ ದಾರ ಪೋಣಿಸೋಕೆ ಮೊಮ್ಮಗಳನ್ನ ಕರೆಯೋ ಹಾಗಾದ ಮೇಲೆ ಅಂತೂ ಒಪ್ಪಿಕೊಂಡಿದ್ದ.

‘ಒದರಾಕತ್ತೈತಿ ಖರೆ, ಓಡವಲ್ದಲ್ಲೊ ತಮ್ಮಾ. ನಡುವ ಎಲ್ಲೋ ಹಿಡಿತ ತಪ್ಪೇತಿ’ ಅಂದ ಮಾವ. ಕಾರು ಓಡಿಸಲು ಬಾರದ ಮನುಷ್ಯ ಹೇಳಿದ್ದು ಸರಿಯಾಗೇ ಇತ್ತು. ಪೆಟ್ರೋಲ್ ಸರಿಯಾಗಿ ಬರದಿದ್ದರೆ ಎಂಜಿನ್ನೇ ಉಸಿರುಗಟ್ಟುತ್ತೆ, ಹೀಗೆ ಸಲೀಸಾಗಿ ಅರಚಲ್ಲ. ಅರಚುತ್ತಿದೆ ಅಂದರೆ ಶಕ್ತಿ ಹುಟ್ಟುತ್ತಿದೆ, ಚಕ್ರಕ್ಕೆ ಮುಟ್ಟುತ್ತಿಲ್ಲ. ಗೇರಿನ ಕಾರಲ್ಲಿ ಇವೆರಡರ ನಡುವೆ ಮೊದಲು ಅನುಮಾನ ಪಡಬೇಕಾದ್ದು ಕ್ಲಚ್. ಎಂಜಿನ್ನಿನ ಜೊತೆ ತಿರುಗೋ ಫ್ಲೈವೀಲಿಗೆ ಒಂದು ಪ್ಲೇಟು ಒತ್ತಿಕೊಂಡು, ಬರೀ ತಿಕ್ಕಾಟದ ಬಲದಿಂದ ತಾನೂ ತಿರುಗಬೇಕು. ಅದು ಜಾರಿದರೆ ಕಥೆ ಮುಗೀತು.

ನಾಲ್ಕು ಪಥದ ರಸ್ತೆ, ನಡುವೆ ಡಿವೈಡರ್, ವಾಪಸ್ ತಿರುಗೋ ಮಾತೇ ಇಲ್ಲ. ಹದಿನೈದು ನಿಮಿಷ ಆರಲು ಬಿಟ್ಟು, ಮೊದಲ ಗೇರಿನಲ್ಲಿ, ಪೆಡಲ್ ಮುಟ್ಟಿಯೂ ಮುಟ್ಟದ ಹಾಗೆ ಹತ್ತಿಸಿದೆ. ಕೆಳಗಿನ ಗೇರಿನಲ್ಲಿ ಕ್ಲಚ್ಚಿನ ಮೇಲೆ ಬೀಳೋ ಹೊರೆ ಕಡಿಮೆ. ಹಿಂದಿನ ಟ್ರಕ್ಕುಗಳ ಹಾರ್ನು ಕೇಳಿಸಿಕೊಳ್ಳುತ್ತಾ ಘಾಟ್ ಏರಿ ಸಂಕೇಶ್ವರ ಮುಟ್ಟಿದೆವು.

ಅಲ್ಲಿನ ಮೆಕ್ಯಾನಿಕ್ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ಬಿಟ್ಟ. ಎಂಜಿನ್ ತಟ್ಟನೆ ಬಂದ್ ಆಗಬೇಕಿತ್ತು, ಆಗಲಿಲ್ಲ. ‘ಪ್ಲೇಟ್ ಹೋಗೇತ್ರಿ. ಎಡಗಾಲು ಕಾಯಂ ಪೆಡಲ್ ಮ್ಯಾಲೇ ಇಟ್ಟಿರ್ತೀರೇನ್ರಿ?’ ನಾನು ಸಿಲ್ಕ್ ಬೋರ್ಡ್ ಜಂಕ್ಷನ್ ನೆನೆದು ಸುಮ್ಮನಾದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಮೆಕ್ಯಾನಿಕ್‌ಗಳಿಗೆ ಇದನ್ನ ಯಾರೂ ಕಲಿಸಬೇಕಿಲ್ಲ. ಕಬ್ಬಿನ ಸೀಸನ್ ಶುರುವಾದರೆ ಎರಡೆರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರುಗಳೇ ಪಾಠ ಹೇಳುತ್ತವೆ.

ಕಾರು ಅಲ್ಲೇ ಬಿಟ್ಟು ಬಸ್ ಹತ್ತಿದೆವು. ಆಪರೇಷನ್ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಕೂತು ಕ್ಲಚ್ಚಿನ ಹಳೇ ಕಥೆ ಓದತೊಡಗಿದೆ. ಓದುತ್ತಾ ಹೋದರೆ ಎಲ್ಲಿ ನೋಡಿದರೂ ಚರ್ಮ!

ಕಾರ್ಲ್ ಬೆಂಜ್‌ನ ಮೊದಲ ಕಾರಿನಲ್ಲಿ ಎಂಜಿನ್ನಿನ ಶಕ್ತಿ ದಾಟುತ್ತಿದ್ದದ್ದೇ ಚರ್ಮದ ಪಟ್ಟಿಯ ಮೂಲಕ. ಪಟ್ಟಿಯನ್ನು ಸುಮ್ಮನೆ ತಿರುಗೋ ರಾಟೆಯಿಂದ ಎಳೆಯೋ ರಾಟೆಗೆ ಸರಿಸಿದರೆ ಗಾಡಿ ಹೊರಡುತ್ತಿತ್ತು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ತಾ, ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿಲೋಮೀಟರ್, ಆ ಗಾಡಿಯ ಸುಧಾರಿಸಿದ ಮಾದರಿ ಓಡಿಸಿದಳು. ಏರುಗಳಲ್ಲಿ ಗಾಡಿ ಹತ್ತದೆ ಇಳಿದು ತಳ್ಳಬೇಕಾಯಿತು. (ಅವರಿಗೂ ಒಂದು ತವಂದಿ ಘಾಟ್!) ಇಳಿಜಾರಿನಲ್ಲಿ ಬ್ರೇಕ್ ಸವೆದಾಗ ದಾರಿಯ ಊರಿನ ಚಮ್ಮಾರನಿಂದ ಬ್ರೇಕಿಗೆ ಚರ್ಮ ಹೊಡೆಸಿದಳು. ಅವಳು ಬಂದು ಹೇಳಿದ ಮೇಲೆ ಬೆಂಜ್ ಏರು ಹತ್ತಲು ಇನ್ನೊಂದು ಗೇರ್ ಸೇರಿಸಿದ. ಬೆರ್ತಾಳ ಹೆಸರು ಉಳೀತು. ಚಮ್ಮಾರನ ಹೆಸರು ನಾನು ಓದಿದ ಕಡೆ ಎಲ್ಲೂ ಸಿಗಲಿಲ್ಲ.

ಆಮೇಲೆ ಬಂದದ್ದು ಶಂಕುವಿನ ಆಕಾರದ ಕ್ಲಚ್, ಅದರ ಮೈಗೂ ಚರ್ಮವೇ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳ ಎಷ್ಟೋ ಕಾರುಗಳು ಓಡಿದ್ದು ಇದರ ಮೇಲೆ. ಎಣ್ಣೆ ಬಿದ್ದು ಜಾರಿದರೆ ಡ್ರೈವರುಗಳು ಎಣ್ಣೆ ಹೀರೋ ನುಣ್ಣನೆ ಜೇಡಿಮಣ್ಣಿನ ಪುಡಿ ಉದುರಿಸುತ್ತಿದ್ದರು. ಒಣಗಿ ಜಗ್ಗತೊಡಗಿದರೆ ಹರಳೆಣ್ಣೆ ಸವರುತ್ತಿದ್ದರು.

ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್‌ನದು ಇನ್ನೂ ಸ್ವಾರಸ್ಯ. ಗುಡ್ಡ ಇಳಿಯೋ ಕುದುರೆಗಾಡಿಗಳವರು ಬ್ರೇಕಿಗೆ ಹಳೇ ಬೂಟು ಕಟ್ಟಿಕೊಳ್ಳೋದನ್ನ ನೋಡಿ ಅವನಿಗೆ ಬ್ರೇಕಿನ ಹೊದಿಕೆ ಹೊಳೀತು ಅಂತ ಕಥೆ. 1897ರಲ್ಲಿ ಅವನು ಆರಂಭಿಸಿದ ಉದ್ಯಮವೇ ಫೆರೋಡೊ. ಮುಂದೆ ಚರ್ಮದ ಜಾಗಕ್ಕೆ ಕಲ್ನಾರು ಬಂತು, ಅದು ಶ್ವಾಸಕೋಶ ತಿನ್ನುತ್ತೆ ಅಂತ ಗೊತ್ತಾಗಿ ಬೇರೆ ನಾರುಗಳು ಬಂದವು.

ಇದೆಲ್ಲ ಓದುವಾಗ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಾವ ಮಲಗಿದ್ದ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮದ ಜೊತೆ ಬದುಕು ಕಳೆದವನು. ಅಥಣಿ, ನಿಪ್ಪಾಣಿ ಕಡೆ ಇವನಂಥವರು ಹೊಲಿದದ್ದನ್ನೇ ಲೋಕ ಕೊಲ್ಹಾಪುರಿ ಅಂತ ಕರೆದು ಕೊಂಡಿತು. 2019ರಲ್ಲಿ ಸಿಕ್ಕ ಜಿಐ ಪಟ್ಟಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕಿವೆ. ಹೆಸರು ಮಾತ್ರ ಕೊಲ್ಹಾಪುರದ್ದೇ. ನಮ್ಮ ಮನೆಯಲ್ಲಿ ನಾನು ಎಂಜಿನಿಯರಿಂಗ್ ಸೇರಿದಾಗ ‘ಸದ್ಯ, ಚರ್ಮ ಬಿಟ್ಟ’ ಅಂತ ಎಲ್ಲರೂ ಖುಷಿಪಟ್ಟಿದ್ದರು. ನಾನೂ.

ಎರಡು ದಿನ ಬಿಟ್ಟು ಸಂಕೇಶ್ವರಕ್ಕೆ ಬಂದಾಗ ಮೆಕ್ಯಾನಿಕ್ ಹಳೇ ಪ್ಲೇಟ್ ತೋರಿಸಿದ. ಹೊದಿಕೆ ಸವೆದು ರಿವೆಟ್ಟಿನ ತಲೆಗಳು ಹೊಳೀತಿದ್ದವು. ಮಾವ ಕಪ್ಪು ಕನ್ನಡಕ ಮೇಲೆತ್ತಿ, ಹೆಬ್ಬೆರಳಿನಿಂದ ಅಂಚು ತಿಕ್ಕಿ ನೋಡಿದ. ಅಂಗಾಲಿನ ಚರ್ಮ ನೋಡೋದೂ ಹೀಗೇ. ಜೇಡಿಮಣ್ಣು, ಹರಳೆಣ್ಣೆಯ ಕಥೆ ಹೇಳಿದೆ.

‘ಔಡಲೆಣ್ಣಿ ಹಚ್ಚಿದ್ರ ಚರ್ಮ ಮೆತ್ತಗಾಗ್ತೈತಿ, ಅದರಾಗ ಏನೈತಿ’ ಅಂದ. ಆಮೇಲೆ ಮೆಕ್ಯಾನಿಕ್‌ನತ್ತ ತಿರುಗಿ, ‘ಹೊಸಾದು ಎಷ್ಟಾತ್ರಿ?’

ಮೆಕ್ಯಾನಿಕ್ ಬಿಲ್ ಹೇಳಿದ. ಮಾವ ಒಂದು ಗಳಿಗೆ ಸುಮ್ಮನಿದ್ದು ನನ್ನ ಕಡೆ ನೋಡಿದ. ‘ಚರ್ಮದ್ದ ಇದ್ದಿದ್ರ ನಾನ ಹೊಡದು ಕೊಡ್ತಿದ್ನಲ್ಲೊ ತಮ್ಮಾ.’