ಮಾಚಿಕಬ್ಬೆಯ ಸನ್ಯಸನ: ಶೋಕ ಮತ್ತು ಸಮಾಧಿ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಸಲ್ಲೇಖನ ಶಾಸನಗಳಲ್ಲಿ ಪ್ರಾಚೀನವಾದವು ಬಹುಮಟ್ಟಿಗೆ ಒಂದೆರಡು ಪದ್ಯಗಳಲ್ಲಿ ಮುಗಿಯುತ್ತವೆ. ವ್ರತವನ್ನು ಕೈಕೊಂಡವರ ಹೆಸರು, ಗುರುವಿನ ಹೆಸರು, ಸದ್ಗತಿಯ ಮಾತು ಇಷ್ಟೇ ಅಲ್ಲಿ ದೊರೆಯುವುದು. ಅವರ ಅಂತರಂಗ ಕಾಣಿಸುವುದು ವಿರಳ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿಯ ಮರಣವನ್ನು ಹೇಳುವ ಶಾಸನ ಇದಕ್ಕೆ ಅಪವಾದವಾಗಿದೆ. ರಾಣಿಯು ಶಕ 1053, ಅಂದರೆ ಕ್ರಿ. ಶ. 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳೆಂದು ಅದು ತಿಳಿಸುತ್ತದೆ. ಕಾರಣವನ್ನು ಹೇಳುವುದಿಲ್ಲ. ನಮ್ಮ ಕಾದಂಬರಿಕಾರರು ಆ ಮೌನವನ್ನು ತಮ್ಮ ಕಲ್ಪನೆಯಿಂದ ತುಂಬಿದ್ದಾರೆ. ಅದರ ಗೊಡವೆ ಇಲ್ಲಿ ಬೇಡ. ನಮಗೆ ಮುಖ್ಯವಾದುದು ಆಕೆಯ ತಾಯಿ ಮಾಚಿಕಬ್ಬೆಯ ವೃತ್ತಾಂತ.

ಮಗಳು ಸದ್ಗತಿಯನ್ನು ಪಡೆದ ಮೇಲೆ ತಾನಿನ್ನು ಉಳಿಯಲಾರೆನೆಂದು ಆಕೆ ಬೆಳಗೊಳಕ್ಕೆ ಬಂದು ಸನ್ಯಸನವನ್ನು ಕೈಕೊಂಡಳು ಎಂಬುದು ಶಾಸನದ ತಾತ್ಪರ್ಯ. ಇಲ್ಲಿಯೇ ತೊಡಕು. ಸಲ್ಲೇಖನಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳಿರುವ ನಿಮಿತ್ತಗಳು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಪುತ್ರೀಶೋಕ ಅವುಗಳಲ್ಲಿ ಇಲ್ಲ. ಮಿತ್ರಾನುರಾಗವನ್ನಾದರೋ ತತ್ತ್ವಾರ್ಥಸೂತ್ರವು ವ್ರತದ ಐದು ಅತಿಚಾರಗಳಲ್ಲಿ ಎಣಿಸುತ್ತದೆ. ಹಾಗಾದರೆ ಮಾಚಿಕಬ್ಬೆಯದು ಶೋಕದಿಂದಾದ ದೇಹತ್ಯಾಗವೇ? ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್‌ನಲ್ಲಿ ಸಂಥಾರವನ್ನು ಆತ್ಮಹತ್ಯೆಯೊಡನೆ ಸಮೀಕರಿಸಿ, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆಯನ್ನಿತ್ತ ಮೇಲಂತೂ ಈ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ.

ರತ್ನಕರಂಡಕದ ವಿಧಿಕ್ರಮವನ್ನು ನಿಧಾನವಾಗಿ ನೋಡಬೇಕು. ಆಚಾರ್ಯರು ಆಹಾರತ್ಯಾಗವನ್ನು ಮೊದಲು ಹೇಳುವುದಿಲ್ಲ. ಸ್ನೇಹ, ವೈರ, ಪರಿಗ್ರಹಗಳನ್ನು ಬಿಟ್ಟು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ಪ್ರಿಯವಾದ ಮಾತುಗಳಿಂದ ಅವರ ಕ್ಷಮೆಯನ್ನು ಬೇಡುವುದು ಮೊದಲು. ಅನಂತರ ಆಲೋಚನೆ, ಮಹಾವ್ರತಾರೋಪಣ. ಆಮೇಲೆ ಶೋಕ, ಭಯ, ವಿಷಾದ, ಅರತಿ ಮೊದಲಾದುವನ್ನು ತೊರೆದು ಶ್ರುತದಿಂದ ಮನಸ್ಸನ್ನು ತಿಳಿಗೊಳಿಸಬೇಕು. ಅನ್ನವನ್ನು ಕ್ರಮಕ್ರಮವಾಗಿ ಕಡಿಮೆ ಮಾಡುವುದು ಇದೆಲ್ಲ ಆದ ಮೇಲೆಯೇ. ಬಿಡಬೇಕಾದ ಭಾವಗಳಲ್ಲಿ ಶೋಕದ ಹೆಸರೇ ಮೊದಲು ಬಂದಿರುವುದು ಗಮನಾರ್ಹ. ವ್ರತಕ್ಕೆ ಬರುವವನು ಶೋಕವಿಲ್ಲದೆ ಬರುತ್ತಾನೆಂದು ಆಚಾರ್ಯರು ಭಾವಿಸಿರಲಿಲ್ಲ. ಕರ್ಮಸಿದ್ಧಾಂತವೂ ಶೋಕವನ್ನು ನೋಕಷಾಯಗಳಲ್ಲಿ ಸೇರಿಸಿದೆ. ಅದು ಉದಯಕ್ಕೆ ಬರುವಂಥದು, ಕ್ಷಯಿಸುವಂಥದು.

ಶೋಕವನ್ನು ಏಕಾಕಿಯಾಗಿ ಗೆಲ್ಲಬೇಕೆಂದೂ ಆರಾಧನಾಗ್ರಂಥಗಳು ಹೇಳಿಲ್ಲ. ಒಬ್ಬ ಕ್ಷಪಕನ ಸೇವೆಗೆ ನಲವತ್ತೆಂಟು ಮಂದಿ ನಿರ್ಯಾಪಕರನ್ನು ಭಗವತೀ ಆರಾಧನೆ ವಿಧಿಸುತ್ತದೆ. ಧರ್ಮಕಥೆಯನ್ನು ಹೇಳುವುದೇ ಅವರಲ್ಲಿ ಕೆಲವರ ಕಾರ್ಯ. ಕ್ಷಪಕನ ಮನಸ್ಸು ಕದಡಿದಾಗ ಆಚಾರ್ಯನು ಆಡುವ ಮಾತುಗಳ ಪ್ರಕರಣಕ್ಕೆ ‘ಕವಚ’ವೆಂದು ಹೆಸರು. ಅಲ್ಲಿನ ಗಾಹೆಗಳ ವಿಸ್ತರಣವಾಗಿಯೇ ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಹುಟ್ಟಿದವು. ಅವನ್ನು ಗದ್ಯಸೌಂದರ್ಯಕ್ಕಾಗಿ ಮಾತ್ರ ಓದುವ ನಾವು, ಅವು ಸಾಯುವವನ ಹಾಸಿನ ಬಳಿ ಹೇಳಬೇಕಾದ ಕಥೆಗಳೆಂಬುದನ್ನು ಮರೆಯುತ್ತೇವೆ.

ಮಾಚಿಕಬ್ಬೆಯ ಶಾಸನಕ್ಕೆ ಮರಳೋಣ. ಆಕೆಯ ಉಪವಾಸ ಒಂದು ತಿಂಗಳು ನಡೆಯಿತು. ಪ್ರಭಾಚಂದ್ರ ಸಿದ್ಧಾಂತದೇವ, ವರ್ಧಮಾನದೇವ, ರವಿಚಂದ್ರದೇವ ಎಂಬ ಗುರುಗಳ ಹೆಸರುಗಳೂ ಅಲ್ಲಿವೆ. ಅರೆಮುಚ್ಚಿದ ಕಣ್ಣು, ಪಂಚಪದದ ಉಚ್ಚಾರ, ಜಿನೇಂದ್ರಸ್ಮರಣೆ ಇವುಗಳೊಡನೆ ಬಂಧುಗಳನ್ನು ಬೀಳ್ಕೊಟ್ಟ ಆಕೆಯ ಗಾಂಭೀರ್ಯವನ್ನೂ ಕವಿ ಎತ್ತಿ ಹೇಳಿದ್ದಾನೆ. ಮಗಳ ಅಗಲಿಕೆಯನ್ನು ತಾಳಲಾರದೆ ಬಂದವಳು ಉಳಿದ ಬಂಧುಗಳನ್ನು ತಾನಾಗಿ ಬೀಳ್ಕೊಟ್ಟಳು! ಈ ಎರಡು ಸಂಗತಿಗಳ ನಡುವೆ ಒಂದು ತಿಂಗಳಿದೆ, ಗುರುಸನ್ನಿಧಿಯಿದೆ. ದುಃಖವನ್ನು ತಾಳದೆ ಒಂದು ಕ್ಷಣದಲ್ಲಿ ಪ್ರಾಣ ನೀಗಿದವರಿಗೆ ಈ ಅವಕಾಶವಿಲ್ಲ. ಆದಕಾರಣ ಇದನ್ನು ಶೋಕಮರಣವೆನ್ನಲು ಈ ಲೇಖಕನ ಮನಸ್ಸು ಒಪ್ಪದು. ಶೋಕದಿಂದ ಆರಂಭವಾದ ಸಮಾಧಿಯೆನ್ನಬಹುದು. ನಿಮಿತ್ತದ ತೊಡಕು ಇದರಿಂದ ಪೂರ್ತಿ ಕಳೆಯಿತೆಂದಲ್ಲ.

ಆ ತೊಡಕನ್ನು ಮರೆಮಾಚಲು ಶಾಸನಕವಿಯೂ ಯತ್ನಿಸಿಲ್ಲ. ಮುಪ್ಪನ್ನೋ ರೋಗವನ್ನೋ ಕಾರಣವಾಗಿ ಹೇಳಿದ್ದರೆ ಕೇಳುವವರಿರಲಿಲ್ಲ. ಆತನು ತಾಯಿಯ ಮಾತನ್ನು ಮೊದಲಿಟ್ಟು, ಸಮಾಧಿಯ ಮಾತನ್ನು ಅನಂತರ ಇಟ್ಟು, ಎರಡನ್ನೂ ಒಂದೇ ಕಲ್ಲಿನಲ್ಲಿ ಉಳಿಸಿದ್ದಾನೆ.