ಬೇಕಲ ಕೋಟೆಯ ದನಿ

ಹಿಂದೆಲ್ಲ ಮಕ್ಕಳ ಪ್ರಾಜೆಕ್ಟ್ ಎಂದರೆ ಚಾರ್ಟ್ ಪೇಪರು, ಗೋಂದು, ಪತ್ರಿಕೆಯಿಂದ ಕತ್ತರಿಸಿದ ಚಿತ್ರ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದ ಮೇಲೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಿಗೂ ಕಂಪ್ಯೂಟರ್ ಬಂತು. 2007ರಲ್ಲಿ ಅಮೆರಿಕದ ಎಂಐಟಿಯವರು ಸ್ಕ್ರ್ಯಾಚ್ ಹೊರತಂದರು. ಚಿತ್ರ, ದನಿ ಸೇರಿಸಿ ಮಕ್ಕಳೇ ಕತೆ ಹೆಣೆದು ಜಾಲದಲ್ಲಿ ಹಂಚುವಂತಾಯಿತು.

ಆಗಿನ ಇಂಥ ಹಲವು ಸಲಕರಣೆಗಳು ಫ್ಲ್ಯಾಶ್ ನಂಬಿಕೊಂಡಿದ್ದವು. ಅದಕ್ಕೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. 2013ರಿಂದ ಫ್ಲ್ಯಾಶ್‌ನಲ್ಲೇ ಇದ್ದ ಸ್ಕ್ರ್ಯಾಚ್ 2019ರಲ್ಲಿ ಹೊಸ ತಂತ್ರಕ್ಕೆ ದಾಟಿ ಬಚಾವಾಯಿತು. ಬೇರೊಂದು ತಾಣದಲ್ಲಿ ನಾವು ಮಾಡಿಸಿದ್ದ ಬೇಕಲ ಕೋಟೆಯ ಪ್ರಾಜೆಕ್ಟ್ ಮಾತ್ರ ಉಳಿಯಲಿಲ್ಲ. ಚಿತ್ರ ಹೋದರೆ ಹೋಗಲಿ, ಕೋಟೆ ಅಲ್ಲೇ ಇದೆ. ಆದರೆ ಹುಡುಗಿಯೊಬ್ಬಳು ತನ್ನಜ್ಜಿಯಿಂದ ಹೇಳಿಸಿ ಮುದ್ರಿಸಿದ ಕತೆ ಅದರಲ್ಲಿತ್ತು. ಅಜ್ಜಿ ಈಗಿಲ್ಲ. ಪ್ರತಿ ತೆಗೆದಿಡಬೇಕೆಂದು ನಮಗೇ ಹೊಳೆದಿರಲಿಲ್ಲ.

ಈಗ ದನಿಯನ್ನು ಮೊದಲು ಶಾಲೆಯ ಹಾರ್ಡ್‌ಡಿಸ್ಕಿಗೆ ಹಾಕಿ, ಆಮೇಲೆ ಜಾಲಕ್ಕೆ ಏರಿಸುತ್ತೇವೆ.